ಗಲ್ಲೆಯ ಯಂತ್ರವೂ ನಮ್ಮ ಓದೂ
(ಅಹಮದಾಬಾದಿನಲ್ಲಿ ಸೇರಿದ ಹೊಟೇಲು ಮತ್ತು ಗಿರಣಿ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)

ಅಧ್ಯಕ್ಷರೇ, ವಡೋದರಾ ಸೂರತ್‌ಗಳಿಂದ ಒಂದು ದಿನದ ಸಂಬಳ ಬಿಟ್ಟು ಬಂದಿರುವ ಬಂಧುಗಳೇ,

ವಿದ್ಯೆಯ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ನನಗೆ ಅಪ್ಪಣೆಯಾಗಿದೆ. ಏಳನೆಯ ತರಗತಿಗೆ ಸ್ಲೇಟು ಇಳಿಸಿ ಮಾಣಿಯಾದವನಿಗೆ ಈ ವಿಷಯ ಕೊಟ್ಟದ್ದು ಮರ್ಯಾದೆಯೋ ಚೇಷ್ಟೆಯೋ ತಿಳಿಯದು. ಆದರೆ ಓದಿದವರು ಹೇಳದ ಕೆಲವು ಸಂಗತಿಗಳನ್ನು ಓದದವನು ಹೇಳಬಹುದು.

ವಡೋದರಾದ ತಮ್ಮನೊಬ್ಬ ಪರದೇಶದ ಓದಿನ ಏಜಂಟರ ಬೋರ್ಡು ನೋಡಿ ಕೇಳಿದ: “ಅಣ್ಣ, ಇನ್ಫರ್ಮೇಷನ್ ಸಿಸ್ಟಮ್ಸ್‌ನಲ್ಲಿ ಅಸೋಸಿಯೇಟ್ ಡಿಗ್ರಿ ಅಂದರೆ ಏನು? ನಮ್ಮಂಥವರಿಗೆ ಅದು ಸಿಕ್ಕೀತೇ?” ಅಮೆರಿಕದಲ್ಲಿ ಕಮ್ಯುನಿಟಿ ಕಾಲೇಜುಗಳೆಂದು ಇವೆ. ಇಲಿನಾಯ್ ರಾಜ್ಯದ ಜೋಲಿಯೆಟ್ ಊರಿನಲ್ಲಿ 1901ರಲ್ಲಿ ಶುರುವಾದ ಕಾಲೇಜು ಅಂಥವುಗಳಲ್ಲಿ ಹಳೆಯದು. ಅಲ್ಲಿ ಎರಡು ವರ್ಷ ಓದಿದರೆ ಸಿಗುವುದು ಈ ಪದವಿ. ಹಗಲು ದುಡಿದು ಸಂಜೆ ಓದುವವರಿಗೂ ಅದು ಎಟಕುತ್ತದೆ. ಹೆಸರು ದೊಡ್ಡದು, ಒಳಗಿನ ವಿದ್ಯೆ ನಮಗೆ ಹೊಸದಲ್ಲ. ಹೇಗೆಂದು ಹೇಳುತ್ತೇನೆ.

ನಾಲ್ಕನೇ ಮೇಜಿನಲ್ಲಿ ಗಿರಾಕಿ ಎರಡು ಮಸಾಲೆ, ಒಂದು ಕಾಫಿ ಎನ್ನುತ್ತಾನೆ. ಮಾಣಿ ಚೀಟಿ ಬರೆಯುತ್ತಾನೆ. ಆ ಚೀಟಿ ಅಡಿಗೆಮನೆಗೆ ಬೇಕು, ಗಲ್ಲೆಗೆ ಬೇಕು, ಎಷ್ಟು ಹಿಟ್ಟು ತೀರಿತೆಂದು ಉಗ್ರಾಣಕ್ಕೂ ಬೇಕು. ಗಿರಾಕಿ ಒಂದು ಮಸಾಲೆ ಬೇಡವೆಂದರೆ ಮೂರು ಕಡೆಯೂ ಹೊಡೆದುಹಾಕಬೇಕು. ಒಂದು ಕಡೆ ಬಿಟ್ಟುಹೋದರೆ ರಾತ್ರಿ ಲೆಕ್ಕ ಕೂಡುವುದಿಲ್ಲ, ಬೈಗಳು ಮಾತ್ರ ಮಾಣಿಗೆ! ಯಾವ ಸಂಗತಿಯನ್ನು ಒಮ್ಮೆ ಬರೆಯಬೇಕು, ಯಾರು ನೋಡಬಹುದು, ಯಾರು ತಿದ್ದಬಹುದು, ತಿದ್ದಿದವರ ಗುರುತು ಎಲ್ಲಿ ಉಳಿಯಬೇಕು, ಇದೇ ಆ ಶಾಸ್ತ್ರದ ತಿರುಳು. ಅದಕ್ಕೆ ಡೇಟಾಬೇಸ್ ಎಂಬ ಹೆಸರಿದೆ, ಪ್ರೋಗ್ರಾಂ ಎಂಬ ಭಾಷೆಯಿದೆ. ಅದನ್ನು ಕಲಿಯಬೇಕು. ಆದರೆ ಹತ್ತು ವರ್ಷ ಚೀಟಿ ಬರೆದವನು ಅಲ್ಲಿ ಪರದೇಶಿಯಲ್ಲ.

ಸೂರತ್ತಿನ ಮಗ್ಗದ ಬಂಧುಗಳು ಇನ್ನೂ ಹತ್ತಿರದವರು. ಜಾಕಾರ್ಡ್ ಮಗ್ಗ ನಿಮಗೆ ಗೊತ್ತು. ಫ್ರಾನ್ಸಿನ ಲಿಯೋನಿನ ಜಾಕಾರ್ಡ್ 1804ರಲ್ಲಿ ತೂತಿನ ರಟ್ಟುಗಳನ್ನು ಮಗ್ಗಕ್ಕೆ ಪೋಣಿಸಿದ. ತೂತಿದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಅಂಥ ತೂತಿನ ಕಾರ್ಡುಗಳಿಂದಲೇ ಹಾಲೆರಿತ್ ಎಂಬವನ ಯಂತ್ರ 1890ರ ಅಮೆರಿಕದ ಜನಗಣತಿಯನ್ನು ಎಣಿಸಿತು. ಮುಂದೆ ಬಹುಕಾಲ ಕಂಪ್ಯೂಟರುಗಳು ಕಾರ್ಡಿನಿಂದಲೇ ಓದಿದವು. ನೇಕಾರನ ಮನೆಯಿಂದ ಹೊರಟ ವಿದ್ಯೆಯನ್ನು ನೇಕಾರನೇ ದೂರದಿಂದ ನೋಡಿ ಹೆದರುವುದು ನನಗೆ ಸರಿಕಾಣುವುದಿಲ್ಲ.

ಇದೆಲ್ಲ ನಮಗೇಕೆ ಎನ್ನುವಿರಿ. ನಾನು ದುಡಿಯುತ್ತಿದ್ದ ಒಂದು ಹೊಟೇಲಿನಲ್ಲಿ (ಹೆಸರು ಬೇಡ) ಬೆರಳು ಒತ್ತುವ ಹಾಜರಿ ಯಂತ್ರ ಬಂತು. ಆ ತಿಂಗಳೇ ರಾತ್ರಿ ಪಾಳಿಯವರಿಗೆ ಅರ್ಧ ಅರ್ಧ ದಿನದ ಸಂಬಳ ಹೋಯಿತು. ಕೇಳಿದರೆ ಮ್ಯಾನೇಜರರದು ಒಂದೇ ಮಾತು: “ಕಂಪ್ಯೂಟರ್ ಹಾಗೆ ಹೇಳುತ್ತದೆ.” ಗಲ್ಲೆಯಲ್ಲಿ ಕೂರುವ ಹುಡುಗನೊಬ್ಬ ಈ ವಿದ್ಯೆ ಸ್ವಲ್ಪ ಕಲಿತಿದ್ದ. ಹಾಜರಿಯ ಪಟ್ಟಿ ತೆಗೆಸಿ ನೋಡಿದ. ನಾವು ಕೆಲಸ ಬಿಡುತ್ತಿದ್ದುದು ರಾತ್ರಿ ಹನ್ನೆರಡೂವರೆಗೆ. ಯಂತ್ರಕ್ಕೆ ಹನ್ನೆರಡು ದಾಟಿದರೆ ತಾರೀಖು ಬೇರೆ. ಬಂದ ಹೊತ್ತು ಒಂದು ದಿನಕ್ಕೆ, ಹೋದ ಹೊತ್ತು ಇನ್ನೊಂದು ದಿನಕ್ಕೆ ಜಮೆಯಾಗಿ ಎರಡೂ ದಿನ ಅರ್ಧವಾಗುತ್ತಿತ್ತು. ಕಾಗದ ಮುಂದಿಟ್ಟ ಮೇಲೆ ದುಡ್ಡು ವಾಪಸು ಬಂತು. ಕೂಗಾಡಿ ನಾವು ಒಂದು ತಿಂಗಳಲ್ಲಿ ಪಡೆಯದ್ದನ್ನು ಅವನು ಅರ್ಧ ಗಂಟೆಯಲ್ಲಿ ಪಡೆದ. ಭವಿಷ್ಯನಿಧಿಯ ಲೆಕ್ಕವೂ 2014ರಿಂದ ಒಂದೇ ನಂಬರಿನಡಿ ಕಂಪ್ಯೂಟರಿನಲ್ಲಿದೆ. ಕಡಿದ ಹಣ ಕಟ್ಟಿದ್ದಾರೋ ಇಲ್ಲವೋ ಎಂದು ಅಲ್ಲಿ ಕಾಣುತ್ತದೆ. ನಮ್ಮಲ್ಲಿ ಎಷ್ಟು ಮಂದಿ ನೋಡಿದ್ದೀರಿ? ಕೈ ಎತ್ತುವುದು ಬೇಡ.

ಇದೇ ಊರಿನ ಗಿರಣಿಗಳ ಕಥೆ ಹಿರಿಯರಿಗೆ ನೆನಪಿದೆ. 1918ರ ಮುಷ್ಕರದಲ್ಲಿ ಗಾಂಧೀಜಿ, ಅನಸೂಯಾ ಸಾರಾಭಾಯಿ ಅವರೊಡನೆ ನಿಂತು ನೂರಕ್ಕೆ 35 ಹೆಚ್ಚಳ ಕೇಳಿದ ಕೆಲಸಗಾರರ ಊರು ಇದು. 1980, 90ರ ದಶಕಗಳಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ ಸಾವಿರಾರು ಮಂದಿ ರಿಕ್ಷಾ, ಕೈಗಾಡಿ ಹಿಡಿದರು. ಕೈಯಲ್ಲಿ ಕಸುಬಿತ್ತು, ಬೇರೆ ಬಾಗಿಲು ತೆರೆಯುವ ಕಾಗದ ಇರಲಿಲ್ಲ.

ಆ ಕಾಗದ ಪಡೆಯುವ ದಾರಿ ಈಗ ಹೇಳುತ್ತೇನೆ. ಏಳು ಎಂಟು ಓದಿ ಬಿಟ್ಟವರು ಮೊದಲು ರಾಷ್ಟ್ರೀಯ ಮುಕ್ತ ಶಾಲೆಯಿಂದ ಹತ್ತನೆಯದು ಕಟ್ಟಬೇಕು. 1989ರಲ್ಲಿ ಸ್ಥಾಪನೆಯಾದದ್ದು, ಎನ್‌ಐಓಎಸ್ ಎನ್ನುತ್ತಾರೆ. ಐದು ವಿಷಯ, ಐದು ವರ್ಷದ ಅವಧಿ, ವರ್ಷಕ್ಕೆ ಎರಡು ಪರೀಕ್ಷೆ. ಒಂದೊಂದೇ ವಿಷಯ ಕಟ್ಟಬಹುದು. ಕನ್ನಡವನ್ನೇ ಒಂದು ವಿಷಯವಾಗಿ ತೆಗೆದುಕೊಳ್ಳಬಹುದು. ಡೇಟಾ ಎಂಟ್ರಿ ಎಂಬುದೂ ಒಂದು ವಿಷಯ. ಅನಂತರ ಅಲ್ಲಿಯೇ ಹನ್ನೆರಡನೆಯದು. ಆ ಮೇಲೆ ಬಿಸಿಎ. 1985ರಲ್ಲಿ ಹುಟ್ಟಿದ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದಲ್ಲಿ ಅದಿದೆ, ಮೂರು ವರ್ಷದ್ದನ್ನು ಆರು ವರ್ಷದೊಳಗೆ ಮುಗಿಸಬಹುದು. ಇಲ್ಲಿಯೇ ಛಾರೋಡಿಯಲ್ಲಿ, ರಾಜ್ಯ ಸರ್ಕಾರ 1994ರಲ್ಲಿ ಸ್ಥಾಪಿಸಿದ ಬಾಬಾಸಾಹೇಬ್ ಅಂಬೇಡ್ಕರ್ ಮುಕ್ತ ವಿಶ್ವವಿದ್ಯಾಲಯವೂ ಇದೆ. ಅಸೋಸಿಯೇಟ್ ಡಿಗ್ರಿ ಎಂಬ ಹೆಸರು ನಮ್ಮಲ್ಲಿಲ್ಲ. 2020ರ ಶಿಕ್ಷಣ ನೀತಿಯ ಪ್ರಕಾರ ಎರಡು ವರ್ಷ ಮುಗಿಸಿ ನಿಂತವನಿಗೆ ಡಿಪ್ಲೊಮಾ ಕೊಡಬಹುದು, ಅದೇ ಸಮೀಪದ್ದು. ನೀವು ಸೇರುವ ಕೋರ್ಸಿಗೆ ಆ ಸೌಲಭ್ಯ ಉಂಟೇ ಎಂದು ಬರೆಹದಲ್ಲಿ ಕೇಳಿ ಪಡೆಯಿರಿ. ಬಾಯಿಮಾತು ನಂಬಬೇಡಿ. ಮೂರು ತಿಂಗಳಲ್ಲಿ ಇಂಜಿನಿಯರ್ ಮಾಡುತ್ತೇವೆನ್ನುವ ಗಲ್ಲಿಯ ಕ್ಲಾಸುಗಳಿಗೆ ಊರಿಗೆ ಕಳಿಸುವ ಹಣ ಸುರಿಯಬೇಡಿ.

ಕಷ್ಟ ಎರಡಿವೆ. ಒಂದು ಇಂಗ್ಲಿಷು. ಬಿಸಿಎ ಪುಸ್ತಕ ಬಹುಮಟ್ಟಿಗೆ ಅದರಲ್ಲೇ. ಆದರೆ ಮಾಣಿಗಳು ಆರು ತಿಂಗಳಲ್ಲಿ ಗುಜರಾತಿ ಕಲಿತದ್ದನ್ನು ಕಂಡವನು ನಾನು. ಇನ್ನೊಂದು ಕಷ್ಟ ದೊಡ್ಡದು, ಅದು ಹೊತ್ತು. ಹನ್ನೆರಡು ಹದಿಮೂರು ಗಂಟೆ ನಿಂತವನ ಕಣ್ಣು ಪುಸ್ತಕದ ಮೇಲೆ ನಿಲ್ಲುವುದಿಲ್ಲ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಹೊಟೇಲು ಹುಡುಗರು ಓದಿ ಮೇಲೆ ಬಂದರೆಂದು ಭಾಷಣಗಳಲ್ಲಿ ಹೊಗಳುತ್ತೇವೆ. ಅವರನ್ನು ಸಂಜೆ ಬಿಟ್ಟು ಕಳಿಸಿದ ಧಣಿಗಳೂ ಇದ್ದರು, ಅದನ್ನು ಹೇಳುವುದಿಲ್ಲ. ಗುಜರಾತಿನ 2019ರ ಅಂಗಡಿ ಕಾಯಿದೆ ವಾರಕ್ಕೆ 48 ಗಂಟೆಯ ಮಿತಿ, ಒಂದು ದಿನದ ರಜೆ ಇಟ್ಟಿದೆ. ಸಣ್ಣ ಹೊಟೇಲುಗಳಿಗೆ ಪೂರ್ಣ ಅನ್ವಯಿಸದು, ನಿಜ. ಅನ್ವಯಿಸುವಲ್ಲಿಯಾದರೂ ಕೇಳಬೇಕಲ್ಲವೇ? ವಾರದ ರಜೆಯ ಬೇಡಿಕೆಯೂ ಓದಿನ ಬೇಡಿಕೆಯೂ ನನ್ನ ಲೆಕ್ಕದಲ್ಲಿ ಒಂದೇ ಅರ್ಜಿ.

ಆ ಅರ್ಜಿಯ ಕರಡು ಮೇಜಿನ ಮೇಲಿದೆ. ಓದಿ, ಒಪ್ಪಿಗೆಯಾದರೆ ರುಜು ಹಾಕಿ. ಹತ್ತನೆಯದಕ್ಕೆ ಕಟ್ಟುವವರು ಮುಂದಿನ ಸಭೆಗೆ ಊರಿನ ಶಾಲೆಯ ಸರ್ಟಿಫಿಕೇಟು, ಆಧಾರ್, ಎರಡು ಫೋಟೋ ತನ್ನಿ. ಎಂಟನೆಯದರ ಕಾಗದ ಕಳೆದಿದ್ದರೆ, ಓದಲು ಸಮರ್ಥನೆಂದು ನೀವೇ ಬರೆದುಕೊಡುವ ಘೋಷಣೆಯೂ ನಡೆಯುತ್ತದೆ. ಮೊದಲ ಹೆಸರು ನನ್ನದೇ ಬರೆದುಕೊಂಡಿದ್ದೇನೆ, ಎರಡನೆಯ ಸಾಲು ಖಾಲಿ ಇದೆ.