ಮನೆಯ ಕಾಗದ, ನಮ್ಮ ವಕೀಲ

(ವಿಲೆ ಪಾರ್ಲೆಯಲ್ಲಿ ಸೇರಿದ್ದ ಕಾರ್ಮಿಕ ಬಂಧುಗಳ ಸಭೆಯಲ್ಲಿ ಮಾಡಿದ ಭಾಷಣ)



‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಹೇಳಿದರು. ಮುಂಬಯಿಯಲ್ಲಿ ಮನೆ ಕಟ್ಟುವ ಯೋಗ ನಮ್ಮಂಥವರಿಗೆ ಎಲ್ಲಿಂದ ಬರಬೇಕು? ಇದ್ದ ಒಂದು ಕೋಣೆಯನ್ನು ಉಳಿಸಿಕೊಂಡು ನೋಡು ಎಂಬುದೇ ಇಲ್ಲಿಯ ಗಾದೆಯಾಗಬೇಕು. ಹೋಟೆಲಿನ ಬೆಂಚಿನ ಮೇಲೆ ಮಲಗಿ ಉಳಿಸಿದ ಹಣದಿಂದಲೋ, ಮಿಲ್ಲಿನ ರಾತ್ರಿ ಪಾಳಿಯ ಸಂಬಳದಿಂದಲೋ ನಮ್ಮ ಹಿರಿಯರು ಪಗಡಿ ಕೊಟ್ಟು ಹಿಡಿದ ಕೋಣೆಗಳಲ್ಲಿ ಇಂದಿಗೂ ನಮ್ಮಲ್ಲಿ ಎಷ್ಟೋ ಜನ ಸಂಸಾರ ಮಾಡಿಕೊಂಡಿದ್ದೇವೆ. ಆ ಹಳೆಯ ಕಟ್ಟಡಗಳು ಈಗ ಒಂದೊಂದಾಗಿ ನೆಲಕ್ಕುರುಳಿ ಗೋಪುರಗಳಾಗುತ್ತಿವೆ. ಈ ಸಮಯದಲ್ಲಿ ನಮಗೆ ಒಬ್ಬ ವಕೀಲರು ಬೇಕೇ, ಬೇಕಾದರೆ ಎಂಥವರು ಬೇಕು ಎಂಬುದೇ ಇಂದಿನ ವಿಷಯ.

ಕಾಗದದ ಬೆಲೆ ನಮಗೆ ಗೊತ್ತಿಲ್ಲದ್ದೇನೂ ಅಲ್ಲ. ಕರ್ನಾಟಕದಲ್ಲಿ ಭೂ ಸುಧಾರಣೆಯ ಶಾಸನಕ್ಕೆ 1974ರ ತಿದ್ದುಪಡಿ ಬಂದಾಗ ಊರಿನಲ್ಲಿ ಏನಾಯಿತೆಂಬುದನ್ನು ನೆನೆಯಿರಿ. ಚಾಲಗೇಣಿಯ ಒಕ್ಕಲು ಡಿಕ್ಲರೇಶನ್ ಕೊಟ್ಟು, ಗೇಣಿ ಚೀಟಿ ತೋರಿಸಿ, ಉತ್ತ ಭೂಮಿಗೆ ಒಡೆಯನಾದ. ಅವಧಿಯೊಳಗೆ ಅರ್ಜಿ ಹಾಕದೆ ಕುಳಿತವನು ಹಕ್ಕಿದ್ದೂ ಕಳೆದುಕೊಂಡ. ಊರಿನ ಗೇಣಿ ಚೀಟಿಗೆ ಇದ್ದ ಮಹತ್ವವೇ ಇಲ್ಲಿ ಬಾಡಿಗೆಯ ರಶೀದಿಗೆ ಇದೆ.

ಪಗಡಿಯ ಕೋಣೆಯಲ್ಲಿದ್ದವನು ಮನೆಯ ಒಡೆಯನಲ್ಲ. ಆದರೆ ಬಿಟ್ಟು ಹೋಗೆಂದ ಮಾತ್ರಕ್ಕೆ ಹೋಗಬೇಕಾದ ಬಿಡಾರಿಯೂ ಅಲ್ಲ. 1947ರ ಮುಂಬಯಿ ಬಾಡಿಗೆ ಶಾಸನವೂ, ಅದರ ಸ್ಥಾನದಲ್ಲಿ ಬಂದು 2000ದ ಮಾರ್ಚ್ 31ರಿಂದ ನಡೆಯುತ್ತಿರುವ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಶಾಸನವೂ ಅವನಿಗೆ ಆಸರೆ ಕೊಟ್ಟಿವೆ. ಹಿಂದೆ ಕದ್ದು ಕೊಡಬೇಕಾಗಿದ್ದ ಪಗಡಿಯನ್ನು 1999ರ ಶಾಸನದ 56ನೆಯ ಕಲಮು ಕಾನೂನಿನ ಬೆಳಕಿಗೆ ತಂದಿತು. ತಂದೆ ತೀರಿಕೊಂಡರೆ, ಆಗ ಅವರ ಸಂಗಡ ಆ ಮನೆಯಲ್ಲಿ ವಾಸವಾಗಿದ್ದ ಕುಟುಂಬದವರಿಗೆ ಬಾಡಿಗೆಯ ಹಕ್ಕು ಮುಂದುವರಿಯುತ್ತದೆ. ಹೀಗಿದ್ದೂ ತಂದೆ ಹೋಗಿ ಹತ್ತು ವರ್ಷವಾದರೂ ರಶೀದಿ ಅವರ ಹೆಸರಿನಲ್ಲೇ ಇರುವುದು ನಮ್ಮಲ್ಲಿ ಸಾಮಾನ್ಯ. ಒಬ್ಬ ತಮ್ಮ ಊರಿನಲ್ಲಿ, ಇನ್ನೊಬ್ಬ ದುಬೈಯಲ್ಲಿ. ಕಟ್ಟಡ ಕೆಡಹುವ ಮಾತು ಬಂದ ದಿನ ಎಲ್ಲರಿಗೂ ಪಾಲಿನ ನೆನಪಾಗುತ್ತದೆ. ವಕೀಲರನ್ನು ಆ ದಿನ ಹುಡುಕುವುದಲ್ಲ. ಅಣ್ಣತಮ್ಮಂದಿರು ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿರುವಾಗಲೇ ಕಾಣಬೇಕು.

ಈಗ ಮುಖ್ಯವಾದ ಮಾತಿಗೆ ಬರುತ್ತೇವೆ. ಬಿಲ್ಡರು ಬರುತ್ತಾನೆ, ಸಭೆ ಕರೆದು ಚಹಾ ಕೊಡಿಸುತ್ತಾನೆ. “ನಿಮಗೇಕೆ ತೊಂದರೆ? ನಮ್ಮ ವಕೀಲರೇ ಎಲ್ಲ ಕಾಗದ ಮಾಡಿದ್ದಾರೆ, ನೀವು ಸಹಿ ಹಾಕಿದರೆ ಸಾಕು” ಎನ್ನುತ್ತಾನೆ. ಬಂಧುಗಳೇ, ಆ ವಕೀಲರು ಒಳ್ಳೆಯವರೇ ಇರಬಹುದು. ಆದರೆ ಅವರು ಯಾರ ಫೀಯನ್ನು ಪಡೆದಿದ್ದಾರೋ ಅವರ ಹಿತವನ್ನು ಕಾಯುವುದು ಅವರ ಧರ್ಮ. ಮಾಲಕರ ವಕೀಲರು ನೌಕರನ ಪಗಾರ ಹೆಚ್ಚಿಸಲು ವಾದಿಸುತ್ತಾರೆಂದು ನಾವು ಯಾರಾದರೂ ನಂಬುತ್ತೇವೆಯೇ? ಅಲ್ಲಿ ಇಲ್ಲದ ನಂಬಿಕೆ ಇಲ್ಲಿ ಮಾತ್ರ ಏಕೆ?

ಇನ್ನು ‘ಅನುಭವಿ ವಕೀಲ’ ಎಂದರೆ ಏನು? ಕರಿಕೋಟು ತೊಟ್ಟವರೆಲ್ಲ ಎಲ್ಲ ಕೆಲಸಕ್ಕೂ ಆಗುವುದಿಲ್ಲ. ಸಾಂಬಾರಿನಲ್ಲಿ ಕೈ ಪಳಗಿದ ಭಟ್ಟರನ್ನು ದೋಸೆಕಲ್ಲಿನ ಮುಂದೆ ನಿಲ್ಲಿಸಿದರೆ ಗಿರಾಕಿ ಎದ್ದು ಹೋಗುತ್ತಾನೆ. ನೂಲುವ ಖಾತೆಯವನಿಗೆ ನೇಯುವ ಖಾತೆಯ ಕೆಲಸ ಒಂದೇ ದಿನದಲ್ಲಿ ಬರುತ್ತಿತ್ತೇ? ಮನೆಯ ವ್ಯಾಜ್ಯಗಳಿಗೂ ಹಲವು ಬಾಗಿಲುಗಳಿವೆ. ಬಾಡಿಗೆಯ ತಗಾದೆಯಾದರೆ ಸ್ಮಾಲ್ ಕಾಸಸ್ ಕೋರ್ಟು. ಹೊಸ ಫ್ಲ್ಯಾಟು ಕೊಂಡವರಿಗೆ 2016ರ ಶಾಸನದಿಂದ ಬಂದ ಮಹಾರೇರಾ. ಗುಡಿಸಲಿನವರಿಗೆ ಝೋಪಡಪಟ್ಟಿ ಪುನರ್ವಸತಿ ಪ್ರಾಧಿಕಾರ. ಸೊಸೈಟಿಯ ಕಟ್ಟಡಕ್ಕೆ ಸಹಕಾರಿ ಶಾಸನದ 79ಎ ಕಲಮಿನಡಿ 2009ರಲ್ಲಿ ಹೊರಟು 2019ರಲ್ಲಿ ತಿದ್ದಲ್ಪಟ್ಟ ಸರಕಾರದ ನಿರ್ದೇಶಗಳು. ತಪ್ಪು ಬಾಗಿಲು ಬಡಿದರೆ ವರ್ಷಗಳು ಕಳೆದುಹೋಗುತ್ತವೆ.

ಊರಿನ ಯಾವ ಭಾಗ ಎಂಬುದೂ ಮುಖ್ಯವೇ. ಗಿರಗಾಂವ, ಪರೇಲ್ ಕಡೆಯ ಹಳೆಯ ಚಾಳುಗಳು ಸೆಸ್ ತೆರುವ ಕಟ್ಟಡಗಳು. ಅವುಗಳ ಮೇಲೆ ಮ್ಹಾಡಾದ ದುರಸ್ತಿ ಮಂಡಳಿಯ ಕಣ್ಣಿದೆ. ಉಪನಗರವಾದ ವಿಲೆ ಪಾರ್ಲೆಯ ಪಗಡಿ ಕಟ್ಟಡಕ್ಕೆ ಆ ಮಂಡಳಿ ಇಲ್ಲ. ಇಲ್ಲಿಯ ನಿಯಮವೇ ಬೇರೆ. ಅದಲ್ಲದೆ ನಮ್ಮ ಮಗ್ಗುಲಲ್ಲೇ ವಿಮಾನ ನಿಲ್ದಾಣ. ಇಷ್ಟೇ ಎತ್ತರ ಎಂಬ ಮಿತಿ ಇಲ್ಲಿಯ ಕಟ್ಟಡಗಳ ತಲೆಯ ಮೇಲೆ ಸದಾ ಇದೆ. 2022ರಲ್ಲಿ ಮುಂಬಯಿ ಹೈಕೋರ್ಟು, ನಿಲ್ದಾಣದ ಸಮೀಪದ 48 ಕಟ್ಟಡಗಳಲ್ಲಿ ಮಿತಿಮೀರಿದ ಭಾಗಗಳನ್ನು ತೆಗೆಯಿಸಬೇಕೆಂದು ಆಜ್ಞೆ ಮಾಡಿತು. ಬಿಲ್ಡರು ಹದಿನೈದು ಮಾಳಿಗೆಯ ಚಿತ್ರ ತೋರಿಸಿ ದೊಡ್ಡ ಮನೆಯ ಆಸೆ ಹುಟ್ಟಿಸಿದಾಗ, “ಎತ್ತರಕ್ಕೆ ಅನುಮತಿ ಪತ್ರ ಎಲ್ಲಿ?” ಎಂದು ಮೊದಲು ಕೇಳುವ ವಕೀಲರೇ ಅನುಭವಿಗಳು.

ಕಟ್ಟಡ ಅಪಾಯಕಾರಿ ಎಂದು ಮುನಿಸಿಪಾಲಿಟಿಯ ನೋಟೀಸು ಅಂಟಿದರೆ ನಮ್ಮವರು ಹೆದರಿ ಬೀಗ ಹಾಕಿ ಊರಿಗೆ ಹೊರಡುತ್ತಾರೆ. ಜೀವ ಮೊದಲು, ಅಪಾಯವಿದ್ದರೆ ಖಾಲಿ ಮಾಡಲೇಬೇಕು. ಆದರೆ ಕಟ್ಟಡ ಬಿದ್ದರೂ, ಮುನಿಸಿಪಾಲಿಟಿ ಕೆಡಹಿದರೂ ಬಾಡಿಗೆಯ ಹಕ್ಕು ಅಳಿಯುವುದಿಲ್ಲವೆಂದು ಸುಪ್ರೀಮ್ ಕೋರ್ಟು 2014ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆದುದರಿಂದ ಹೊರಡುವ ಮುನ್ನ ನಿಮ್ಮ ಹೆಸರು, ಕೋಣೆಯ ನಂಬರು, ಅದರ ಅಳತೆ ಇವು ಮುನಿಸಿಪಾಲಿಟಿಯ ದಾಖಲೆಗೆ ಸೇರುವಂತೆ ನೋಡಿಕೊಳ್ಳಿರಿ. ಗೋಡೆ ಹೋದ ಮೇಲೆ ಅಳೆಯುವುದಕ್ಕೆ ಏನು ಉಳಿಯುತ್ತದೆ?

ಫ್ಲ್ಯಾಟು ಕೊಳ್ಳುವವರಿಗೂ ಒಂದು ಮಾತು. ರೇರಾದ ನಂಬರು ಕಂಡರೆ ಸಾಕೆಂಬ ಭಾವನೆ ಹಬ್ಬಿದೆ. ಕಲ್ಯಾಣ-ಡೊಂಬಿವಲಿಯಲ್ಲಿ ಸುಳ್ಳು ಅನುಮತಿ ಪತ್ರಗಳನ್ನು ತೋರಿಸಿ ರೇರಾ ನಂಬರು ಪಡೆದ 65 ಕಟ್ಟಡಗಳನ್ನು ಕೆಡಹಬೇಕೆಂದು 2024ರ ನವೆಂಬರಿನಲ್ಲಿ ಹೈಕೋರ್ಟು ಆಜ್ಞೆ ಮಾಡಿತು. ಅಲ್ಲಿ ಸಾಲ ಮಾಡಿ ಮನೆ ಕೊಂಡವರು ನಮ್ಮಂಥ ದುಡಿಯುವ ಜನರೇ. ನಂಬರನ್ನು ನೋಡಿ ತಲೆಯಾಡಿಸುವವರು ವಕೀಲರಲ್ಲ. ಮುನಿಸಿಪಾಲಿಟಿಗೆ ಹೋಗಿ ಅನುಮತಿ ನಿಜವೇ ಎಂದು ತಿಳಿದು, ಸಬ್-ರಿಜಿಸ್ಟ್ರಾರರ ಕಚೇರಿಯಲ್ಲಿ 30 ವರ್ಷಗಳ ದಾಖಲೆ ಹುಡುಕಿಸಿ, ಪ್ರಾಪರ್ಟಿ ಕಾರ್ಡು ತೆಗೆಸಿ, ಜಾಗ ಯಾರದು, ಯಾರಲ್ಲಿ ಅಡವಿದೆ ಎಂದು ಬರೆದು ಕೊಡುವವರು ವಕೀಲರು. ಕರಾರು ರಿಜಿಸ್ಟರ್ ಆಗುವ ಮೊದಲು ಬೆಲೆಯ ನೂರಕ್ಕೆ 10ಕ್ಕಿಂತ ಹೆಚ್ಚು ಹಣವನ್ನು ಬಿಲ್ಡರು ತೆಗೆದುಕೊಳ್ಳುವಂತಿಲ್ಲ. ಬರೇ ಮುಖ್ತ್ಯಾರ ಪತ್ರದ ಮೇಲೆ ಮನೆ ನಮ್ಮದಾಗುವುದಿಲ್ಲ. ಇದನ್ನೂ ಸುಪ್ರೀಮ್ ಕೋರ್ಟು 2011ರಲ್ಲಿ ಹೇಳಿದೆ.

ವಕೀಲರನ್ನು ಗೊತ್ತುಮಾಡುವ ಬಗೆ ಹೇಗೆ? ಕೋರ್ಟಿನ ಕಟ್ಟೆಯ ದಲಾಲನ ಮಾತು ಕೇಳಬೇಡಿರಿ. ನಿಮ್ಮಂಥದೇ ಕಟ್ಟಡ ಈಗಾಗಲೇ ಎದ್ದು ನಿಂತಿದ್ದರೆ ಅಲ್ಲಿಗೆ ಹೋಗಿ, ಕೀಲಿಕೈ ಕೈಗೆ ಬಂದವರನ್ನು “ನಿಮ್ಮ ಕಾಗದ ನೋಡಿದವರು ಯಾರು?” ಎಂದು ಕೇಳಿರಿ. ವಕೀಲರ ಸನದು ಬಾರ್ ಕೌನ್ಸಿಲಿನಲ್ಲಿ ದಾಖಲಾಗಿದೆಯೇ ಎಂದು ನೋಡಿರಿ. ಇಂಥ ಕೆಲಸ ಎಷ್ಟು ಮಾಡಿದ್ದೀರಿ, ಬಿಲ್ಡರಿಗೂ ನೀವೇ ವಕೀಲರೇ, ನನ್ನ ಕೆಲಸ ನೋಡುವವರು ತಾವೋ ತಮ್ಮ ಜೂನಿಯರರೋ ಎಂದು ವಿನಯದಿಂದಲೇ, ಆದರೆ ಸಂಕೋಚವಿಲ್ಲದೆ ಕೇಳಿರಿ. ಫೀ ಎಷ್ಟು, ಖರ್ಚು ಎಷ್ಟು ಎಂದು ಬರೆಯಿಸಿಕೊಂಡು, ಕೊಟ್ಟುದಕ್ಕೆ ರಶೀದಿ ಪಡೆಯಿರಿ. “ಗೆದ್ದರೆ ಇಷ್ಟು ಪಾಲು” ಎನ್ನುವವರಿಂದ ದೂರವಿರಿ. ಹಾಗೆ ಪಾಲು ಕೇಳುವುದು ಬಾರ್ ಕೌನ್ಸಿಲಿನ ನಿಯಮಕ್ಕೆ ವಿರುದ್ಧ. ಮೂಲಪತ್ರ ಕೊಡಬೇಡಿರಿ, ನಕಲು ಕೊಡಿರಿ. ಖಾಲಿ ಕಾಗದಕ್ಕೆ ಸಹಿ ಬೇಡ. ಮರಾಠಿ, ಇಂಗ್ಲಿಷು ಓದಲು ಬಾರದಿದ್ದರೆ ಪ್ರತಿಯೊಂದು ಕಲಮನ್ನೂ ಕನ್ನಡದಲ್ಲಿಯೋ ತುಳುವಿನಲ್ಲಿಯೋ ಬಿಡಿಸಿ ಹೇಳಿಸಿಕೊಳ್ಳಿರಿ.

ಹಣವಿಲ್ಲವೆಂದು ಕೈಚೆಲ್ಲಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಶಾಸನದಂತೆ ಹೆಂಗಸರಿಗೂ, ಪರಿಶಿಷ್ಟ ಜಾತಿ-ಪಂಗಡದವರಿಗೂ, ಕೈಗಾರಿಕೆಯ ಕಾರ್ಮಿಕರಿಗೂ ಉಚಿತವಾಗಿ ವಕೀಲರನ್ನು ಪಡೆಯುವ ಹಕ್ಕಿದೆ. ಇದು ದಾನವಲ್ಲ, ಹಕ್ಕು. ಒಂದು ಕಟ್ಟಡದ ಮೂವತ್ತು ಕುಟುಂಬಗಳು ಕೂಡಿದರೆ ಒಳ್ಳೆಯ ವಕೀಲರ ಫೀ ತಲೆಗೊಂದು ಹಬ್ಬದ ಖರ್ಚಿನಷ್ಟೂ ಬೀಳಲಾರದು. ಮಿಲ್ಲಿನಲ್ಲಿ ದುಡಿದವರಿಗಾಗಿ ಮ್ಹಾಡಾ ಮನೆಗಳ ಚೀಟಿ ಎತ್ತುತ್ತದೆ. ಅದಕ್ಕೆ ದಲಾಲರನ್ನು ನೇಮಿಸಿಲ್ಲ. ಮನೆ ಕೊಡಿಸುವೆನೆಂದು ಹಣ ಕೇಳುವವನಿಗೆ ಒಂದು ಪೈಯನ್ನೂ ಕೊಡಬೇಡಿರಿ.

‘ಗೆದ್ದವ ಸೋತ, ಸೋತವ ಸತ್ತ’ ಎಂದು ಕೋರ್ಟಿನ ವಿಷಯದಲ್ಲಿ ಜನ ಆಡಿಕೊಳ್ಳುವುದುಂಟು. ನಾವೂ ಕೋರ್ಟು ಹತ್ತಿರೆಂದು ಹೇಳುವವರಲ್ಲ. ಕೋರ್ಟು ಹತ್ತದಿರಲಿ ಎಂದೇ ಸಹಿಗೆ ಮೊದಲು ವಕೀಲರನ್ನು ಕಾಣಿರಿ ಎನ್ನುತ್ತೇವೆ. ಸಹಿಗಿಂತ ಮೊದಲು ಕೇಳಿದ ಒಂದು ಮಾತು, ಸಹಿಯಾದ ಮೇಲೆ ನಡೆಸಿದ ಹತ್ತು ವರ್ಷಗಳ ದಾವೆಗಿಂತ ಮೇಲು.

ಆದುದರಿಂದ ಇಂದು ಮನೆಗೆ ಹೋದ ಕೂಡಲೆ ಟ್ರಂಕು ತೆರೆಯಿರಿ. ಬಾಡಿಗೆ ರಶೀದಿ, ವಿದ್ಯುತ್ತಿನ ಬಿಲ್ಲು, ರೇಶನ್ ಕಾರ್ಡು, ತಂದೆಯ ಮರಣಪತ್ರ ಇವನ್ನೆಲ್ಲ ಒಂದೆಡೆ ಸೇರಿಸಿರಿ. ಯಾವುದು ಇಲ್ಲವೆಂದು ತಿಳಿದರೆ ಈ ವಾರವೇ ಅದನ್ನು ಪಡೆಯುವ ಪ್ರಯತ್ನ ಮಾಡಿರಿ. ನೆರೆಯ ಕೋಣೆಯವರಿಗೂ ಇದನ್ನು ಹೇಳಿರಿ. ನಮ್ಮ ಹಿರಿಯರು ಬೆವರು ಸುರಿಸಿ ಹಿಡಿದ ನೂರೈವತ್ತು ಚದರ ಅಡಿಯ ನೆಲೆ, ಓದದೆ ಹಾಕಿದ ಒಂದು ಸಹಿಯಿಂದ ಕೈಬಿಟ್ಟು ಹೋಗದಿರಲಿ ಎಂದು ಕೋರಿ, ನಮ್ಮ ಮಾತನ್ನು ಮುಗಿಸುತ್ತೇವೆ.