ಹುಣ್ಣಿಮೆಯ ಲೆಕ್ಕ: ಕಲಬುರಗಿಯ ಹಬ್ಬಗಳಿಗೆ ಬರುವವರಿಗೊಂದು ಮಾತು



ಸೇಡಂ ರಸ್ತೆಯಲ್ಲಿ, ವಿಶ್ವವಿದ್ಯಾಲಯದ ಮುಂದೆ, ಬಸ್ಸಿಗಾಗಿ ಕಾಯುತ್ತಿದ್ದೀರಿ ಎಂದುಕೊಳ್ಳಿ. ಪರ ಊರಿನವರೊಬ್ಬರು ಹತ್ತಿರ ಬಂದು, "ಯಾಕಪ್ಪಾ, ನಿಮ್ಮ ಕಲಬುರಗಿಯೊಳಗ ನೋಡುವಂಥದ್ದು ಏನದ? ಯಾವ ತಿಂಗಳದಾಗ ಬರಬೇಕು?" ಎಂದು ಕೇಳುತ್ತಾರೆ. ನಮ್ಮಲ್ಲಿ ಅನೇಕರು ಕೊಡುವ ಉತ್ತರ ಒಂದೇ: "ಏನಿಲ್ರೀ, ಬರೇ ಬಿಸಿಲು!"

ಈ ಉತ್ತರದಲ್ಲಿ ವಿನಯವಿಲ್ಲ, ಮರೆವಿದೆ. ತನ್ನ ಊರಿನಲ್ಲಿ ಏನೂ ಇಲ್ಲವೆಂದು ಪದೇ ಪದೇ ಹೇಳುವವನು ಕೊನೆಗೆ ಅದನ್ನೇ ನಂಬಿಬಿಡುತ್ತಾನೆ. ಆದ್ದರಿಂದ ಆ ಅತಿಥಿಗೆ ಸರಿಯಾದ ಉತ್ತರವೇನು ಎಂಬುದನ್ನು ಇಂದು ಒಟ್ಟಿಗೆ ವಿಚಾರ ಮಾಡೋಣ.

ಮೊದಲು ಊರಿನ ದೊಡ್ಡ ಜಾತ್ರೆಯನ್ನು ತೆಗೆದುಕೊಳ್ಳಿ. ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರು ಕೃಷಿ ಮಾಡಿದರು, ಬೆಳೆದದ್ದನ್ನು ಹಸಿದವರಿಗೆ ಉಣಬಡಿಸಿದರು. ಕಲಬುರಗಿಗೆ ಬಂದ ಮೇಲೂ ಅವರ ದಾಸೋಹ ನಿಲ್ಲಲಿಲ್ಲ. 1822ರಲ್ಲಿ ಅವರು ಲಿಂಗೈಕ್ಯರಾದರು. ಹೋಳಿ ಹುಣ್ಣಿಮೆ ಕಳೆದು ಐದನೆಯ ದಿನ, ಎಂದರೆ ಬಹುಳ ಪಂಚಮಿಯಂದು, ಅವರ ರಥೋತ್ಸವ ನಡೆಯುತ್ತದೆ. ಜನ ಇದನ್ನು ಪ್ರೀತಿಯಿಂದ 'ಅಪ್ಪನ ಜಾತ್ರೆ' ಎನ್ನುತ್ತಾರೆ. ತೇರು ಸಾಗುವಾಗ ಉತ್ತತ್ತಿ, ಬಾಳೆಹಣ್ಣು ಎಸೆಯುವ ಕೈಗಳಲ್ಲಿ ಯಾವ ಕೈ ಯಾವ ಊರಿನದೆಂದು ಹೇಳಲಾಗದು.

ಎರಡನೆಯದು ಖಾಜಾ ಬಂದೇನವಾಜರ ಉರುಸು. ಗೇಸುದರಾಜ್ ಎಂಬ ಹೆಸರಿನಿಂದಲೂ ಪ್ರಸಿದ್ಧರಾದ ಈ ಸೂಫಿ ಸಂತರು ಬಹಮನಿ ದೊರೆ ಫಿರೋಜ್ ಷಹನ ಕಾಲದಲ್ಲಿ ಕಲಬುರಗಿಗೆ ಬಂದು ನೆಲೆಸಿದರು. 1422ರಲ್ಲಿ ಇಲ್ಲಿಯೇ ತೀರಿಕೊಂಡರು. ಜಿಲ್ಕಾದ್ ತಿಂಗಳ 15ರಂದು ಗಂಧದ ಮೆರವಣಿಗೆಯೊಡನೆ ಉರುಸು ಆರಂಭವಾಗುತ್ತದೆ. ಮರುದಿನ ದೀಪಗಳ ಹಬ್ಬ. ಕವ್ವಾಲಿ ಕೇಳಲು ಬರುವವರು, ಹರಕೆ ತೀರಿಸಲು ಬರುವವರು, ಮೇಳದಲ್ಲಿ ಸುಮ್ಮನೆ ಸುತ್ತಾಡಲು ಬರುವವರು, ಹೀಗೆ ಎಲ್ಲ ಮತದ ಜನರೂ ಅಲ್ಲಿ ಸೇರುತ್ತಾರೆ.

ಇಲ್ಲಿ ಒಂದು ವಿಷಯವನ್ನು ಗಮನಿಸಿ. 'ಉರುಸು' ಎಂಬುದರ ಮೂಲ ಅರ್ಥ ಮದುವೆ. ಸಂತನ ಮರಣವೆಂದರೆ ದೇವರೊಡನೆ ಅವನ ಮಿಲನ ಎಂಬ ಭಾವನೆ ಅದರ ಹಿಂದಿದೆ. 'ಲಿಂಗೈಕ್ಯ' ಎಂಬ ನಮ್ಮ ಮಾತೂ ಒಂದಾಗುವುದನ್ನೇ ಹೇಳುತ್ತದೆ. 1422 ಮತ್ತು 1822: ನಡುವೆ ಸರಿಯಾಗಿ ನಾಲ್ಕುನೂರು ವರ್ಷಗಳ ಅಂತರ. ಒಂದೇ ಊರು ಇಬ್ಬರು ಸಂತರ ಅಗಲಿಕೆಯನ್ನು ದುಃಖವಾಗಿ ಅಲ್ಲ, ಹಬ್ಬವಾಗಿ ಆಚರಿಸುತ್ತ ಬಂದಿದೆ.

ಮೂರನೆಯದು ನಮ್ಮ ಸೇಡಂ ರಸ್ತೆಯಲ್ಲೇ ಇದೆ. 2009ರ ಜನವರಿಯಲ್ಲಿ ಅಂದಿನ ರಾಷ್ಟ್ರಪತಿ ಪ್ರತಿಭಾ ಪಾಟೀಲರು ಉದ್ಘಾಟಿಸಿದ ಬುದ್ಧ ವಿಹಾರ ಅದು. ವೈಶಾಖದ ಹುಣ್ಣಿಮೆಯಾದ ಬುದ್ಧ ಪೂರ್ಣಿಮೆ ಅಲ್ಲಿನ ದೊಡ್ಡ ದಿನ. ನಾಲ್ಕನೆಯದು ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ, ಭೀಮಾ ಮತ್ತು ಅಮರಜಾ ನದಿಗಳ ಸಂಗಮದ ಬಳಿ, ಮಾರ್ಗಶಿರ ಹುಣ್ಣಿಮೆಯಂದು ನಡೆಯುವ ದತ್ತ ಜಯಂತಿ. ಮಹಾರಾಷ್ಟ್ರದಿಂದಲೂ ಭಕ್ತರು ಬರುತ್ತಾರೆ.

ಹಾಗಾದರೆ ಅತಿಥಿಗೆ ಯಾವ ತಾರೀಖು ಹೇಳಬೇಕು? ಕ್ಯಾಲೆಂಡರಿನಲ್ಲಿ ಈ ಹಬ್ಬಗಳು ವರ್ಷ ವರ್ಷವೂ ಸ್ಥಳ ಬದಲಿಸುತ್ತವೆ. ಕಾರಣ ಸರಳವಾಗಿದೆ. ಚಂದ್ರನ ಹನ್ನೆರಡು ತಿಂಗಳು ಸೇರಿದರೆ ಸುಮಾರು 354 ದಿನ. ಸೂರ್ಯನ ವರ್ಷ 365 ದಿನ. ಉಳಿಯುವ ಹನ್ನೊಂದು ದಿನಗಳನ್ನು ನಮ್ಮ ಪಂಚಾಂಗವು ಎರಡೂವರೆ ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸಿ ಸರಿದೂಗಿಸುತ್ತದೆ. ಆದ್ದರಿಂದ ಅಪ್ಪನ ಜಾತ್ರೆ ಬೇಸಿಗೆಯ ಹೊಸ್ತಿಲನ್ನು ದಾಟುವುದಿಲ್ಲ. ಹಿಜರಿ ಪಂಚಾಂಗದಲ್ಲಿ ಅಧಿಕ ಮಾಸವಿಲ್ಲ. ಆದ್ದರಿಂದ ಉರುಸು ಪ್ರತಿವರ್ಷ ಹನ್ನೊಂದು ದಿನ ಹಿಂದೆ ಸರಿಯುತ್ತ, ಸುಮಾರು 33 ವರ್ಷಗಳಲ್ಲಿ ಬೇಸಿಗೆ, ಮಳೆಗಾಲ, ಚಳಿಗಾಲಗಳನ್ನೆಲ್ಲ ಸುತ್ತಿ ಬರುತ್ತದೆ.

ಆದರೆ ತಿಂಗಳ 15 ಎಂದರೆ ಅಲ್ಲಿಯೂ ತುಂಬು ಚಂದ್ರನ ಆಸುಪಾಸು. ಎಂದರೆ ಈ ನಾಲ್ಕೂ ಹಬ್ಬಗಳ ಮೇಲೆ ಬೆಳಗುವುದು ಹುಣ್ಣಿಮೆ, ಅಥವಾ ಹುಣ್ಣಿಮೆಯ ಹಿಂದುಮುಂದಿನ ಚಂದ್ರ! 2024 ಮತ್ತು 2025ರ ಮೇ ತಿಂಗಳುಗಳಲ್ಲಿ ಬುದ್ಧ ಪೂರ್ಣಿಮೆಯೂ ಉರುಸೂ ಒಂದೆರಡು ದಿನಗಳ ಅಂತರದಲ್ಲೇ ಬಂದವು. ಲೆಕ್ಕವನ್ನು ಮುಂದುವರಿಸಿ ನೋಡಿ. 2030ರ ಮಾರ್ಚ್ ತಿಂಗಳಲ್ಲಿ ಹೋಳಿಯೂ ಉರುಸೂ ಒಂದೇ ಹುಣ್ಣಿಮೆಯ ಸುತ್ತ ಬರುತ್ತವೆ. ಐದು ದಿನಗಳಾಚೆಗೆ ಅಪ್ಪನ ತೇರು. ಚಂದ್ರದರ್ಶನದಿಂದ ಒಂದು ದಿನ ಹೆಚ್ಚುಕಡಿಮೆಯಾಗಬಹುದು, ಅಷ್ಟೇ. ಆ ವಾರ ಊರಿನ ಬೀದಿಗಳಲ್ಲಿ ಬಣ್ಣ, ಗಂಧ, ಉತ್ತತ್ತಿ ಮೂರೂ ಇರುತ್ತವೆ. ಅತಿಥಿಗಳಿಗೆ ನೀರು, ನೆರಳು, ದಾರಿ ಬೇಕಾಗುತ್ತವೆ. ಅಂದು ಸ್ವಯಂಸೇವಕರಾಗಿ ನಿಲ್ಲುವ ವಯಸ್ಸು ನಿಮ್ಮದೇ ಆಗಿರುತ್ತದೆ. ಊರು ಎಂಥದು ಎಂಬುದನ್ನು ಹೊರಗಿನವರು ಆ ವಾರದಲ್ಲಿ ನಿಮ್ಮ ನಡತೆಯಿಂದಲೇ ಅಳೆಯುತ್ತಾರೆ.

ಹುಣ್ಣಿಮೆಯನ್ನು ಕೇಳದ ಹಬ್ಬಗಳೂ ಇವೆ. ದತ್ತ ಜಯಂತಿಯಾಗಿ ಹದಿನೈದು ದಿನಕ್ಕೆ ಎಳ್ಳ ಅಮಾವಾಸ್ಯೆ. ರೈತರು ಮನೆಮಂದಿಯೊಡನೆ ಹೊಲಕ್ಕೆ ಹೋಗಿ, ಭೂತಾಯಿಗೆ ಪೂಜೆ ಸಲ್ಲಿಸಿ, ಚರಗ ಚೆಲ್ಲುತ್ತಾರೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಕಡಬು, ಇವನ್ನು ಹೊಲದಲ್ಲೇ ಕುಳಿತು ಉಣ್ಣಬೇಕು. ಇದಕ್ಕೆ ವೇದಿಕೆ, ಟಿಕೆಟು, ಆಮಂತ್ರಣ ಪತ್ರಿಕೆ ಯಾವುದೂ ಇಲ್ಲ. ಅತಿಥಿಗೆ ಬೇಕಾದದ್ದು ನಿಮ್ಮ ಒಂದು ಕರೆ ಮಾತ್ರ. ಹಿಂದಿರುಗುವಾಗ ಹುಮನಾಬಾದ್ ದಾರಿಯ ಕಮಲಾಪುರದ ಕೆಂಪು ಬಾಳೆಹಣ್ಣನ್ನು ಕೈಗೆ ಕೊಡಿ. ರುಚಿಯ ನೆನಪು ಬಹಳ ದಿನ ಉಳಿಯುತ್ತದೆ.

ಇನ್ನು ಸೆಪ್ಟೆಂಬರ್ 17. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿದ ನೆನಪಿನ ದಿನವಿದು. 2019ರಿಂದ ಕಲ್ಯಾಣ ಕರ್ನಾಟಕ ಉತ್ಸವವೆಂಬ ಹೆಸರಿನಿಂದ ಆಚರಿಸಲಾಗುತ್ತಿದೆ. ದೇಶಕ್ಕೆ ಸ್ವಾತಂತ್ರ್ಯ ಬಂದು ಒಂದು ವರ್ಷಕ್ಕೂ ಮೇಲೆ ನಮ್ಮ ಹಿರಿಯರು ಕಾಯಬೇಕಾಯಿತು. ಅತಿಥಿಗೆ ಧ್ವಜಾರೋಹಣ ತೋರಿಸಿದರೆ ಸಾಲದು, ಈ ಕಾಯುವಿಕೆಯ ಕಥೆಯನ್ನೂ ಹೇಳಬೇಕು.

ಎಲ್ಲವೂ ವರ್ಷವರ್ಷ ಬರುವುದಿಲ್ಲ. ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ 1928ರಲ್ಲಿ ಬಿ.ಎಂ.ಶ್ರೀಯವರ ಅಧ್ಯಕ್ಷತೆಯಲ್ಲಿ ಇಲ್ಲಿ ನಡೆದಿತ್ತು. 85ನೆಯ ಸಮ್ಮೇಳನ 2020ರ ಫೆಬ್ರವರಿಯಲ್ಲಿ ಎಚ್.ಎಸ್.ವೆಂಕಟೇಶಮೂರ್ತಿಯವರ ಅಧ್ಯಕ್ಷತೆಯಲ್ಲಿ ಇದೇ ಸೇಡಂ ರಸ್ತೆಯ ವಿಶ್ವವಿದ್ಯಾಲಯದ ಆವರಣದಲ್ಲಿ ಜರುಗಿತು. ಇದೇ ರಸ್ತೆಯಲ್ಲಿ ಮುಂದೆ ಸಾಗಿದರೆ ಕಾಗಿಣಾ ನದಿಯ ದಡದ ಮಳಖೇಡ. ರಾಷ್ಟ್ರಕೂಟರ ರಾಜಧಾನಿ, 'ಕವಿರಾಜಮಾರ್ಗ'ಕ್ಕೆ ಆಶ್ರಯವಿತ್ತ ನೃಪತುಂಗನ ಮಾನ್ಯಖೇಟ. ಹೀಗೆ ಒಂದೇ ರಸ್ತೆಯಲ್ಲಿ ಸಾವಿರ ವರ್ಷಗಳಿಗೂ ಮೀರಿದ ಕನ್ನಡದ ದಾರಿ ಇದೆ!

ಕೊನೆಯದಾಗಿ, ಒಂದು ಚಿಕ್ಕ ಕೆಲಸ. ನಿಮ್ಮ ಊರು ಯಾವುದೇ ಇರಲಿ, ಒಂದು ಹಾಳೆಯ ಮೇಲೆ ಅದರ ವರ್ಷದ ಹಬ್ಬಗಳನ್ನು ಬರೆಯಿರಿ. ಯಾವುದು ಚಂದ್ರನನ್ನು ಹಿಡಿದು ಬರುತ್ತದೆ, ಯಾವುದು ಸೂರ್ಯನನ್ನು, ಯಾವುದು ಚರಿತ್ರೆಯ ತಾರೀಖನ್ನು ಎಂದು ಗುರುತಿಸಿ. ಮನೆಯ ಅಜ್ಜಿಯನ್ನು, ಪಕ್ಕದ ಓಣಿಯ ಹಿರಿಯರನ್ನು ಕೇಳಿ. ನಿಮಗೇ ಗೊತ್ತಿಲ್ಲದ ಹಬ್ಬವೊಂದು ಖಂಡಿತ ಸಿಗುತ್ತದೆ.

ಆಮೇಲೆ ಬಸ್ಸಿನ ನಿಲ್ದಾಣದಲ್ಲಿ ಯಾರಾದರೂ ಕೇಳಿದರೆ, ಬಿಸಿಲಿನ ಮಾತು ಬೇಡ. "ಯಾವ ಹುಣ್ಣಿಮಿಗೆ ಬರ್ತೀರಿ ಹೇಳ್ರಿ, ನಾನೇ ಕರಕೊಂಡು ಹೋಗ್ತೀನಿ" ಎನ್ನಿ.