ಎಣಿಕೆಗೆ ಬಾರದ ನೋವು
(ಉಚಿತ ವಾಚನಾಲಯದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ವಾಚನಾಲಯಕ್ಕೆ ಬರಲು ಇಪ್ಪತ್ತೆರಡು ಮೆಟ್ಟಿಲು ಹತ್ತಬೇಕು. ದಿನವೂ ಬಂದು ಪತ್ರಿಕೆ ಓದುತ್ತಿದ್ದ ಕೆಲವು ಹಿರಿಯರು ಈಚೆಗೆ ಕಾಣುತ್ತಿಲ್ಲ. ವಿಚಾರಿಸಿದರೆ, "ಕಣ್ಣು ಚೆನ್ನಾಗಿದೆ ಸ್ವಾಮಿ, ಮಂಡಿ ಬಿಡುವುದಿಲ್ಲ" ಎನ್ನುತ್ತಾರೆ. ಇದೇ ನಮ್ಮ ಇಂದಿನ ಮಾತಿಗೆ ಪೀಠಿಕೆ. ನಾವು ವೈದ್ಯರಲ್ಲ, ಓದಿ, ಕೇಳಿ ತಿಳಿದುದನ್ನು ನಿಮ್ಮ ಮುಂದಿಡುತ್ತೇವೆ.

ಸೊಂಟ, ಮಂಡಿ, ಕತ್ತುಗಳ ಬೇನೆ ಸಾಮಾನ್ಯವಾಗಿ ಕೊಲ್ಲುವುದಿಲ್ಲ. ಆದ್ದರಿಂದಲೇ ಅದು ಲೆಕ್ಕಕ್ಕೆ ಬರಲಿಲ್ಲ. ಬಹುಕಾಲ ದೇಶಗಳು ತಮ್ಮ ಆರೋಗ್ಯವನ್ನು ಮುಖ್ಯವಾಗಿ ಮರಣಗಳಿಂದಲೇ ಅಳೆಯುತ್ತಿದ್ದವು. ಅಕಾಲ ಮರಣದಿಂದ ಹೋದ ವರ್ಷಗಳೊಡನೆ, ರೋಗದಿಂದ ನರಳುತ್ತ ಬದುಕಿದ ವರ್ಷಗಳನ್ನೂ ಕೂಡಿಸುವ ಕ್ರಮವನ್ನು ವಿಶ್ವ ಬ್ಯಾಂಕಿನ 1993ರ ವರದಿ ಮುಂದಿಟ್ಟಿತು. ಹಾಗೆ ಕೂಡಿಸಿ ನೋಡಿದಾಗ ಮೂಲೆಯಲ್ಲಿದ್ದ ಸೊಂಟನೋವು ಮುಂದಿನ ಸಾಲಿಗೆ ಬಂದಿತು. 2020ರಲ್ಲಿ ಜಗತ್ತಿನ ಸುಮಾರು 62 ಕೋಟಿ ಜನರಿಗೆ ಆ ನೋವಿತ್ತು. ನಮ್ಮ ದೇಶದಲ್ಲಿ ಕೀಲು ಸವೆತದ ರೋಗಿಗಳು 1990ರಲ್ಲಿ ಸುಮಾರು 2.3 ಕೋಟಿ, 2019ರಲ್ಲಿ 6.2 ಕೋಟಿ. ಜನಸಂಖ್ಯೆ ಬೆಳೆದುದೂ ಆಯುಸ್ಸು ಹೆಚ್ಚಿದುದೂ ಇದಕ್ಕೆ ಕಾರಣ. ಆದರೆ ಹೆಚ್ಚಿದ ಆಯುಸ್ಸನ್ನು ಮೂಲೆಯಲ್ಲಿ ಕುಳಿತು ಕಳೆಯುವುದು ಭಾಗ್ಯವೇ?

ಪುಣೆಯಿಂದ ಸೊಲ್ಲಾಪುರದ ಕಡೆಗೆ ರೈಲಿನಲ್ಲಿ ಹೋಗುವಾಗ ಭಿಗವಣ ಎಂಬ ಊರು ಸಿಗುತ್ತದೆ. ಊರಿಗೆ ಹೋಗಿಬರುವ ನಮ್ಮಲ್ಲಿ ಹಲವರು ಅದನ್ನು ಕಿಟಕಿಯಿಂದ ಕಂಡಿದ್ದೇವೆ. ಅಲ್ಲಿ 1996ರಲ್ಲಿ ಮನೆಮನೆಗೆ ಹೋಗಿ ಕೀಲು-ಸ್ನಾಯುಗಳ ನೋವನ್ನು ವಿಚಾರಿಸಿದರು. ವಯಸ್ಕರಲ್ಲಿ ನೂರಕ್ಕೆ ಸುಮಾರು 18 ಮಂದಿಗೆ ನೋವಿತ್ತು. ಹೊಲದಲ್ಲಿ ದುಡಿಯುವ ಹಳ್ಳಿಯ ಮೈ ಗಟ್ಟಿ, ಇದು ಪೇಟೆಯ ಸುಖದ ಕಾಯಿಲೆ ಎಂಬ ನಮ್ಮ ಭ್ರಮೆ ಅಲ್ಲಿಗೆ ಹರಿಯಿತು. ಕೇಳುವವರು ಬಂದಾಗ ಮಾತ್ರ ಜನ ತಮ್ಮ ನೋವನ್ನು ಹೇಳುತ್ತಾರೆ.

ಸರಕಾರದ ಮಾತು ಬಂದರೆ, 2010ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಹೆಸರಿನಲ್ಲಿ ಕ್ಯಾನ್ಸರ್, ಸಿಹಿಮೂತ್ರ, ಹೃದ್ರೋಗ, ಪಾರ್ಶ್ವವಾಯು ಇದ್ದವು, ಕೀಲುನೋವು ಇರಲಿಲ್ಲ. ನಡೆಯಲಾಗದವನ ರಕ್ತದೊತ್ತಡವೂ ಸಿಹಿಮೂತ್ರವೂ ಹತೋಟಿಗೆ ಬರುವುದು ಕಷ್ಟ. ಆದ್ದರಿಂದ ಇವನ್ನು ಬೇರೆಬೇರೆಯಾಗಿ ನೋಡುವುದು ಸರಿಯಲ್ಲ.

ಮನೆಯಲ್ಲಿಯೂ ನಮ್ಮ ತಪ್ಪಿದೆ. "ವಯಸ್ಸಾಯಿತು, ವಾಯು" ಎಂದು ತಾಯಂದಿರ ನೋವನ್ನು ತಳ್ಳಿಹಾಕುತ್ತೇವೆ. ಕೀಲುರೋಗಗಳೆಲ್ಲ ಒಂದೇ ಅಲ್ಲ. ಬೆರಳ ಗೆಣ್ಣುಗಳು ಊದಿ, ಬೆಳಗ್ಗೆ ಎದ್ದ ಮೇಲೆ ಗಂಟೆಗೂ ಮೀರಿ ಬಿಗಿದಿದ್ದರೆ ಅದು ರುಮಟಾಯ್ಡ್ ಸಂಧಿವಾತವಿರಬಹುದು. ಅದು ಮಧ್ಯವಯಸ್ಸಿನವರಿಗೂ ಬರುತ್ತದೆ, ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಮೊದಲ ತಿಂಗಳುಗಳಲ್ಲೇ ತಕ್ಕ ಔಷಧ ದೊರೆತರೆ ಕೈಗಳು ಸೊಟ್ಟಗಾಗದಂತೆ ಬಹುಮಟ್ಟಿಗೆ ತಡೆಯಬಹುದು. ತಡಮಾಡಿದರೆ ಕೆಟ್ಟ ಕೀಲು ಮೊದಲಿನಂತಾಗದು. ಮಂಡಿ ಸವೆತಕ್ಕಾದರೋ ತೂಕ ಇಳಿಸುವುದು, ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡುವುದು ಹಿತ. ಅಂಗಡಿಯಲ್ಲಿ ಕೇಳಿ ತಂದ ನೋವಿನ ಗುಳಿಗೆಯನ್ನು ವರ್ಷಗಟ್ಟಲೆ ನುಂಗುವುದು ಜಠರಕ್ಕೂ ಮೂತ್ರಪಿಂಡಕ್ಕೂ ಅಪಾಯ.

ಕೊನೆಯದಾಗಿ ನಮ್ಮ ಕಾರ್ಯಕಾರಿ ಸಮಿತಿಗೆ ಒಂದು ವಿನಂತಿ. ಭಾನುವಾರದ ಪತ್ರಿಕೆಗಳನ್ನಾದರೂ ಕೆಳಗಿನ ಪಡಸಾಲೆಯಲ್ಲಿ, ಬೆನ್ನೊರಗುವ ನಾಲ್ಕು ಕುರ್ಚಿಗಳೊಡನೆ ಇಡೋಣ. ಬರದೆ ನಿಂತ ಹಿರಿಯರ ಮನೆಗೆ ಹೋಗಿ, ಕಾರಣವೇನೆಂದು ಕೇಳೋಣ. ದೇಶ ಎಣಿಸುವಾಗ ಎಣಿಸಲಿ. ನಮ್ಮವರನ್ನು ನಾವೇ ಎಣಿಸಲು ಯಾರ ಅಪ್ಪಣೆಯೂ ಬೇಕಿಲ್ಲ.